ನಮ್ಮೂರಿನ ಲೈಬ್ರರಿಗೆ ಹೊಸ ಪುಸ್ತಕ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದವಳು. ಹದಿನೆಂಟು ವರ್ಷ ಬೆಂಗಳೂರಿನಲ್ಲಿದ್ದು ಕಳೆದ ವರ್ಷ ಊರಿಗೆ ವಾಪಸ್ ಬಂದೆವು. ಮಗಳಿಗೆ ಹನ್ನೊಂದು ವರ್ಷ, ಕನ್ನಡ ಪುಸ್ತಕ ಓದುವ ಹುಚ್ಚು. ಬಸ್ ಸ್ಟ್ಯಾಂಡ್ ಹಿಂದಿರುವ ಶಾಖಾ ಗ್ರಂಥಾಲಯಕ್ಕೆ ಮೂರು ಸಲ ಕರೆದುಕೊಂಡು ಹೋದೆ. ಒಳಗೆ ಪೂರ್ತಿ ಕಾಂಪಿಟಿಟಿವ್ ಪರೀಕ್ಷೆಗೆ ಓದುವ ಹುಡುಗರು. ಕಪಾಟಿನಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ನೋಡಿದ ಅದೇ ಪುಸ್ತಕಗಳು. ಹೊಸದು ಯಾವಾಗ ಬರುತ್ತದೆ ಎಂದರೆ "ಮೇಲಿನಿಂದ ಬರಬೇಕು ಮೇಡಂ" ಎನ್ನುತ್ತಾರೆ. ಆದರೆ ಮೂಲೆಯಲ್ಲಿ ಸುತಳಿ ಕಟ್ಟಿದ ಎರಡು ಬಂಡಲ್ ಧೂಳು ಹಿಡಿದು ಕೂತಿದ್ದವು. ಬೀಗ ಹಾಕಿದ ಬೀರುವಿನ ಗಾಜಿನ ಹಿಂದೆಯೂ ಹೊಸ ಪುಸ್ತಕ ಕಂಡವು. ತೀರಿಕೊಂಡ ನಮ್ಮ ತಂದೆಯ ಸುಮಾರು 300 ಪುಸ್ತಕ ಕೊಡುತ್ತೇನೆ ಎಂದರೆ ಅದನ್ನೂ ಬೇಡ ಎಂದರು. ಸರ್ಕಾರ ದುಡ್ಡೇ ಕೊಡುವುದಿಲ್ಲವಂತೆ ಎಂದು ಕೆಲವರು, ಬಂದದ್ದನ್ನು ತಿನ್ನುತ್ತಾರಂತೆ ಎಂದು ಇನ್ನು ಕೆಲವರು. "ಈಗೆಲ್ಲ ಯಾರು ಲೈಬ್ರರಿಗೆ ಹೋಗ್ತಾರೆ, ಆನ್‌ಲೈನ್‌ನಲ್ಲಿ ತರಿಸು" ಎಂದು ಮನೆಯವರು. ಸದಸ್ಯತ್ವ ಮಾಡಿಸುವುದರಲ್ಲಿ ಅರ್ಥ ಇದೆಯಾ? ಯಾರನ್ನು ಕೇಳಬೇಕು? ಏನು ಮಾಡಿದರೆ ಕೆಲಸ ಆಗುತ್ತದೆ? (ಹೆಸರು ಬೇಡ ಎಂದಿದ್ದಾರೆ.)

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇವೆ. ಎಲ್ಲದರ ಕೆಳಗಿರುವ ಸಂಕಟ ಮಾತ್ರ ಒಂದೇ. ಓದುವ ಮಗು ಇದೆ, ಊರಲ್ಲಿ ಲೈಬ್ರರಿ ಇದೆ, ಎರಡೂ ಕೂಡುತ್ತಿಲ್ಲ. ಮೂವತ್ತೊಂದು ವರ್ಷ ನಾನು ಇಂಥದ್ದೇ ಸಣ್ಣ ಊರುಗಳ ಗ್ರಂಥಾಲಯಗಳಲ್ಲಿ ಕೆಲಸ ಮಾಡಿದ್ದೇನೆ. ನೀವು ನೋಡಿದ ಆ ಸುತಳಿ ಬಂಡಲ್, ಆ ಬೀಗದ ಬೀರು, ಎರಡೂ ನನಗೆ ಚೆನ್ನಾಗಿ ಗೊತ್ತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಬಂಡಲ್ ಬಂದ ದಿನವೇ ಪುಸ್ತಕ ಕಪಾಟಿಗೆ ಹೋಗುವುದಿಲ್ಲ. ಮೊದಲು ಪಟ್ಟಿ ಹಿಡಿದು ಒಂದೊಂದನ್ನೂ ತಾಳೆ ನೋಡಬೇಕು. ಪುಟ ಬಿಟ್ಟಿದೆಯಾ, ತಲೆಕೆಳಗಾಗಿ ಬೈಂಡ್ ಆಗಿದೆಯಾ ಎಂದು ತಿರುವಿ ಹಾಕಬೇಕು. ಆಮೇಲೆ ಮೊಹರು. ಶೀರ್ಷಿಕೆ ಪುಟಕ್ಕೆ ಒಂದು, ಕೊನೆಯ ಪುಟಕ್ಕೆ ಒಂದು, ಒಳಗಿನ ಇನ್ನೊಂದು ಪುಟಕ್ಕೆ ಒಂದು. ಆ ಒಳಪುಟವನ್ನು ನಾವು ಗುಟ್ಟಿನ ಪುಟ ಎನ್ನುತ್ತೇವೆ. ಅದು ಎಷ್ಟನೆಯ ಪುಟ ಎಂದು ಸಿಬ್ಬಂದಿಗೆ ಮಾತ್ರ ಗೊತ್ತಿರುತ್ತದೆ. ಯಾರಾದರೂ ಮೊದಲ ಹಾಳೆ ಹರಿದು ಹಳೇ ಪುಸ್ತಕದಂಗಡಿಗೆ ಮಾರಿದರೂ ಆ ಪುಟ ತೆಗೆದು ನೋಡಿ "ಇದು ನಮ್ಮದು" ಎನ್ನಬಹುದು. ಮೊಹರು ಆದ ಮೇಲೆ ಅಕ್ಸೆಶನ್ ರಿಜಿಸ್ಟರ್. ಅದರಲ್ಲಿ ಪ್ರತಿ ಪುಸ್ತಕಕ್ಕೂ ಒಂದು ನಂಬರ್ ಬೀಳುತ್ತದೆ. ಲೇಖಕರು, ಪ್ರಕಾಶಕರು, ಬೆಲೆ, ಬಿಲ್ಲಿನ ತಾರೀಖು ಎಲ್ಲ ಬರೆಯಬೇಕು. ಆಮೇಲೆ ವಿಷಯದ ಸಂಖ್ಯೆ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಕರ್ನಾಟಕದ ಇತಿಹಾಸಕ್ಕೆ 954.87. ಬೆನ್ನಿಗೆ ಚೀಟಿ ಅಂಟಿಸಬೇಕು, ಒಳಗೆ ವಾಪಸು ತಾರೀಖಿನ ಸ್ಲಿಪ್ ಅಂಟಿಸಬೇಕು. ಗೋಂದು ಒಣಗುವವರೆಗೆ ಒಂದರ ಮೇಲೊಂದು ಪೇರಿಸುವಂತಿಲ್ಲ.

ಒಂದು ಪುಸ್ತಕಕ್ಕೆ ಹನ್ನೆರಡು ನಿಮಿಷ ಹಿಡಿಯಿರಿ. ಬಂಡಲ್‌ಗಳಲ್ಲಿ 200 ಪುಸ್ತಕ ಇದ್ದರೆ ನಲವತ್ತು ಗಂಟೆ ಕೆಲಸ. ಇದನ್ನು ಮಾಡಬೇಕಾದವರು ಒಬ್ಬರೇ. ಅವರೇ ಬೆಳಿಗ್ಗೆ ಬಾಗಿಲು ತೆಗೆಯಬೇಕು, ಪೇಪರ್ ಜೋಡಿಸಬೇಕು, ಪುಸ್ತಕ ಕೊಟ್ಟು ತೆಗೆದುಕೊಳ್ಳಬೇಕು, ಜಿಲ್ಲಾ ಕಚೇರಿ ಕೇಳಿದ ಅಂಕಿಅಂಶ ಕಳಿಸಬೇಕು. ಎಷ್ಟೋ ಕಡೆ ಪಕ್ಕದ ಊರಿನ ಲೈಬ್ರರಿಯ ಪ್ರಭಾರವೂ ಅವರ ತಲೆ ಮೇಲೆಯೇ ಇರುತ್ತದೆ. ಹೀಗಾಗಿ ಒಂದು ತಿಂಗಳು ತಡವಾದರೆ ನಾನು ಒಪ್ಪುತ್ತೇನೆ. ಧೂಳು ಹಿಡಿಯುವಷ್ಟು ತಡವಾದರೆ ಒಪ್ಪುವುದಿಲ್ಲ. ಅದು ತಪ್ಪೇ.

ಬೀಗದ ಬೀರುವಿನ ಕತೆ ಬೇರೆ. ಅದು ಸೋಮಾರಿತನ ಅಲ್ಲ, ಹೆದರಿಕೆ. ನಾನು ಒಂದು ತಾಲ್ಲೂಕು ಲೈಬ್ರರಿಗೆ ವರ್ಗವಾಗಿ ಹೋದಾಗ ಚಾರ್ಜ್ ತೆಗೆದುಕೊಳ್ಳುವ ದಿನ ಕಬ್ಬಿಣದ ಬೀರು ತೆಗೆಸಿದೆ. ಬೀಗಕ್ಕೆ ಎಣ್ಣೆ ಬಿಡಬೇಕಾಯಿತು. ಒಳಗೆ ನೂರಾರು ಪುಸ್ತಕ, ಎಲ್ಲಕ್ಕೂ ನಂಬರ್ ಬಿದ್ದಿದೆ, ಮೊಹರು ಬಿದ್ದಿದೆ. ಒಂದನ್ನು ತೆಗೆದೆ. ಹಾಳೆಗಳು ಅಂಚಿನಲ್ಲಿ ಇನ್ನೂ ಅಂಟಿಕೊಂಡಿದ್ದವು. ಬಿಡಿಸಿದಾಗ ಸಣ್ಣಗೆ ಚರ್ ಎಂಬ ಸದ್ದು. ಸ್ಲಿಪ್ ಮೇಲೆ ಒಂದೂ ತಾರೀಖಿಲ್ಲ. ಏಳು ವರ್ಷ ಹಳೆಯ ಪುಸ್ತಕ, ಒಬ್ಬರೂ ಮುಟ್ಟಿಲ್ಲ. ನನಗಿಂತ ಮೊದಲಿದ್ದವರಿಗೆ ಹಿಂದೊಮ್ಮೆ ಲೆಕ್ಕ ತಪಾಸಣೆಯಲ್ಲಿ ಪುಸ್ತಕ ಕಡಿಮೆ ಬಂದು ಸಂಬಳದಲ್ಲಿ ವಸೂಲಿ ಆಗಿತ್ತು. ಅಂದಿನಿಂದ ಅವರು ಬೆಲೆ ಜಾಸ್ತಿ ಇರುವ ಪುಸ್ತಕವನ್ನೆಲ್ಲ ಒಳಗಿಟ್ಟು ಕೀಲಿಕೈ ಮನೆಗೆ ಒಯ್ಯುತ್ತಿದ್ದರು. ಅವರನ್ನು ಬೈಯುವುದು ಸುಲಭ. ಆದರೆ ಮನೆಯಲ್ಲಿ ಮಕ್ಕಳ ಫೀಸ್ ಕಟ್ಟಬೇಕಾದ ತಿಂಗಳಲ್ಲಿ ಸಂಬಳ ಕತ್ತರಿಸಿದರೆ ಯಾರೇ ಆದರೂ ಹಾಗೇ ಮಾಡುತ್ತಾರೆ ಅಲ್ವಾ?

ಪುಸ್ತಕ ಬಳಸಿದರೆ ಒಂದಷ್ಟು ಕಳೆಯುತ್ತದೆ, ಹರಿಯುತ್ತದೆ. ಇದನ್ನು ನಿಯಮಗಳೂ ಒಪ್ಪುತ್ತವೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ವರ್ಷದಲ್ಲಿ ಎರವಲು ಹೋದ ಅಥವಾ ಓದುಗರು ಬಳಸಿದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ. ಅದರಲ್ಲಿ ಮೋಸವೋ ಬೇಜವಾಬ್ದಾರಿಯೋ ಇರಬಾರದು, ಅಷ್ಟೇ. 1,000 ರೂಪಾಯಿಗಿಂತ ಜಾಸ್ತಿ ಬೆಲೆಯ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ತನಿಖೆ ಆಗಲೇಬೇಕು. ಈ ನಿಯಮ ಕೇಂದ್ರ ಸರ್ಕಾರದ ಗ್ರಂಥಾಲಯಗಳಿಗೆ ಮಾಡಿದ್ದು, ನಿಮ್ಮ ಊರಿನ ಶಾಖೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಈ ವಿಚಾರ ಗೊತ್ತಿದ್ದರೆ ಗ್ರಂಥಪಾಲಕರ ಜೊತೆ ಮಾತಾಡುವ ನಿಮ್ಮ ಧಾಟಿಯೇ ಬೇರೆಯಾಗುತ್ತದೆ. "ಯಾಕೆ ಬೀಗ ಹಾಕಿದ್ದೀರಿ" ಎಂದು ಕೇಳುವ ಬದಲು "ನಿಮ್ಮ ಎದುರೇ ಕೂತು ಓದುತ್ತಾಳೆ, ಇದೊಂದು ತೆಗೆದುಕೊಡಿ" ಎನ್ನಿ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಕೀಲಿಕೈ ಹೊರಗೆ ಬರುತ್ತದೆ.

ಈಗ ದುಡ್ಡಿನ ಮಾತು. ಸರ್ಕಾರ ದುಡ್ಡೇ ಕೊಡುವುದಿಲ್ಲ ಎನ್ನುವುದು ಅರ್ಧ ಸತ್ಯ. ಕೊಡುವವರು ನೀವೇ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ತೆರಿಗೆಯ ಕೆಳಗೆ ಆರೋಗ್ಯ, ಭಿಕ್ಷುಕರ ಪುನರ್ವಸತಿ ಮುಂತಾದ ಕರಗಳ ಜೊತೆ ಗ್ರಂಥಾಲಯ ಕರವೂ ಇರುತ್ತದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ. ತೆರಿಗೆ 2,000 ಇದ್ದರೆ 120 ರೂಪಾಯಿ ಲೈಬ್ರರಿಗೆ. ಈ ಕರ ಇವತ್ತು ನಿನ್ನೆಯದಲ್ಲ. ನಮ್ಮ ರಾಜ್ಯ ಇನ್ನೂ ಮೈಸೂರು ಎಂಬ ಹೆಸರಿನಲ್ಲಿದ್ದಾಗ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. ಆ ಕಾಯ್ದೆಯಿಂದಲೇ ಈ ಕರ ಹುಟ್ಟಿದ್ದು. ಲೈಬ್ರರಿ ಯಾರದೋ ದಾನ ಅಲ್ಲ, ಊರಿನವರ ದುಡ್ಡಿನಲ್ಲೇ ನಡೆಯಬೇಕು ಎಂಬ ಒಳ್ಳೆಯ ಯೋಚನೆ ಅದು. ಈಗಲೂ ಆ ಕಾಯ್ದೆ ಎಂದರೆ ನನಗೆ ಗೌರವ.

ತೊಡಕು ಇರುವುದು ದಾರಿಯಲ್ಲಿ. ಕರ ವಸೂಲಿ ಮಾಡುವುದು ಪುರಸಭೆ. ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಪ್ರಾಧಿಕಾರ. ಪುರಸಭೆ ವಸೂಲಿ ಮಾಡಿದ್ದನ್ನು ಕಾಲಕಾಲಕ್ಕೆ ಪ್ರಾಧಿಕಾರಕ್ಕೆ ಕಟ್ಟಬೇಕು. ಎಷ್ಟೋ ಕಡೆ ಕಟ್ಟುವುದಿಲ್ಲ. ಬೀದಿ ದೀಪ, ನೀರಿನ ಮೋಟಾರು, ಪೌರಕಾರ್ಮಿಕರ ಸಂಬಳ ಎಂದು ಆ ದುಡ್ಡು ಅಲ್ಲೇ ಕರಗುತ್ತದೆ. ಬಾಕಿ ಬೆಳೆಯುತ್ತಾ ಹೋಗುತ್ತದೆ. ದೊಡ್ಡ ಊರುಗಳಲ್ಲಿ ಈ ಬಾಕಿ ಕೋಟಿಗಟ್ಟಲೆ. ಇನ್ನೊಂದು ವಿಷಯ. ನೀವು ಕಟ್ಟಿದ 120 ರೂಪಾಯಿ ನೇರವಾಗಿ ಬಸ್ ಸ್ಟ್ಯಾಂಡ್ ಹಿಂದಿನ ಲೈಬ್ರರಿಯ ಗಲ್ಲಾಪೆಟ್ಟಿಗೆಗೆ ಬೀಳುವುದಿಲ್ಲ. ಅದು ಜಿಲ್ಲೆಯ ಪ್ರಾಧಿಕಾರಕ್ಕೆ ಹೋಗಿ, ಅಲ್ಲಿಂದ ಹಂಚಿಕೆಯಾಗುತ್ತದೆ. ಕಟ್ಟಡದ ಬಾಡಿಗೆ, ಕರೆಂಟ್ ಬಿಲ್, ಪೇಪರ್ ಬಿಲ್, ಪೀಠೋಪಕರಣ ಎಲ್ಲ ಹೋಗಿ ಉಳಿದದ್ದರಲ್ಲಿ ಪುಸ್ತಕ. "ತಿನ್ನುತ್ತಾರಂತೆ" ಎಂಬ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ. ಸಾಕ್ಷಿ ಇದ್ದರೆ ದೂರು ಕೊಡಬೇಕು, ಇಲ್ಲದಿದ್ದರೆ ಸುಮ್ನೆ ಹೇಳಬಾರದು. ಶಾಖೆಯಲ್ಲಿ ಕೂತವರ ಕೈಗೆ ಪುಸ್ತಕ ಕೊಳ್ಳುವ ದುಡ್ಡು ಬರುವುದೇ ಇಲ್ಲ. "ಮೇಲಿನಿಂದ ಬರಬೇಕು" ಎಂದು ಅವರು ಹೇಳಿದ್ದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸಿರಬಹುದು. ಅದು ನಿಜ.

ಮೇಲಿನಿಂದ ಎಂದರೆ ಎಲ್ಲಿಂದ? ದೊಡ್ಡ ದಾರಿ ಎಂದರೆ ಗ್ರಂಥಾಲಯ ಇಲಾಖೆಯ ರಾಜ್ಯ ಮಟ್ಟದ ಖರೀದಿ. ಏಕಗವಾಕ್ಷಿ ಯೋಜನೆ ಎಂದು ಕರೆಯುತ್ತಾರೆ. ಆಯಾ ವರ್ಷ ಬಂದ ಪುಸ್ತಕಗಳನ್ನು ಪ್ರಕಾಶಕರು ಸಲ್ಲಿಸುತ್ತಾರೆ, ಒಂದು ಸಮಿತಿ ಆರಿಸುತ್ತದೆ, ಆರಿಸಿದ್ದನ್ನು ಕೊಂಡು ಲೈಬ್ರರಿಗಳಿಗೆ ಹಂಚುತ್ತಾರೆ. ಈ ಕೆಲಸಕ್ಕೆ ವರ್ಷಗಳೇ ಹಿಡಿಯುವುದುಂಟು. ಈ ವರ್ಷ ಪೇಪರಿನಲ್ಲಿ ವಿಮರ್ಶೆ ಓದಿದ ಕಾದಂಬರಿ ನಿಮ್ಮೂರಿಗೆ ಬರುವಷ್ಟರಲ್ಲಿ ಮಗಳು ಹೈಸ್ಕೂಲು ಸೇರಿರುತ್ತಾಳೆ. ಮತ್ತೆ ಎಣಿಕೆಯ ವಿಷಯ ನೋಡಿ. ಒಂದು ಪುಸ್ತಕಕ್ಕೆ ಸಾಮಾನ್ಯವಾಗಿ 300 ಪ್ರತಿಯಷ್ಟು ಕೊಳ್ಳುತ್ತಾರೆ. ರಾಜ್ಯದಲ್ಲಿ ಲೈಬ್ರರಿಗಳು ಸಾವಿರಾರು. ಹಾಗಾದರೆ ಯಾವುದೋ ಒಂದು ಪುಸ್ತಕ ನಿಮ್ಮ ಶಾಖೆಗೆ ಬಂದೇ ಬರುತ್ತದೆ ಎಂದು ಹೇಳಲಾಗದು. ಬಂದರೆ ಅದೃಷ್ಟ.

ಮಕ್ಕಳ ಪುಸ್ತಕ ಕಡಿಮೆ ಇರುವುದಕ್ಕೆ ನನ್ನ ಪ್ರಕಾರ ಇನ್ನೊಂದು ಕಾರಣ ಇದೆ. ಈ ಖರೀದಿಯಲ್ಲಿ ಬೆಲೆ ನಿಲ್ಲುವುದು ಪುಟದ ಲೆಕ್ಕದ ಮೇಲೆ. ಮಕ್ಕಳ ಪುಸ್ತಕ ತೆಳ್ಳಗೆ. ಒಳ್ಳೆಯ ಕಾಗದ ಬೇಕು, ಬಣ್ಣದ ಚಿತ್ರ ಬೇಕು, ಚಿತ್ರಕಾರರಿಗೆ ದುಡ್ಡು ಕೊಡಬೇಕು. ಪುಟ ಮಾತ್ರ ಇಪ್ಪತ್ತನಾಲ್ಕು. ಪ್ರಕಾಶಕರಿಗೆ ಗಿಟ್ಟುವುದಿಲ್ಲ. ಗಿಟ್ಟದ್ದನ್ನು ಅವರು ಸಲ್ಲಿಸುವುದೂ ಇಲ್ಲ. ಹೀಗೆ ದಪ್ಪ ಪುಸ್ತಕ ಲೈಬ್ರರಿಗೆ ಬರುತ್ತದೆ, ತೆಳ್ಳಗಿನ ಚಂದದ ಪುಸ್ತಕ ಹೊರಗೇ ಉಳಿಯುತ್ತದೆ. ಎಷ್ಟೋ ವರ್ಷ ನಾನು ಮಕ್ಕಳ ಕಪಾಟಿನ ಮುಂದೆ ನಿಂತು ಬೇಜಾರು ಮಾಡಿಕೊಂಡಿದ್ದೇನೆ.

ಇನ್ನೊಂದು ದಾರಿ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ. 1972ರಲ್ಲಿ ಶುರುವಾದ ಕೇಂದ್ರದ ಸಂಸ್ಥೆ. ರಾಜ್ಯದ ಪಾಲಿನ ಜೊತೆ ತನ್ನ ಪಾಲು ಸೇರಿಸಿ ಪುಸ್ತಕ ಕೊಡಿಸುತ್ತದೆ. ಆ ಪ್ರತಿಗಳ ಮೇಲೆ ಅದರ ಮೊಹರು ಇರುತ್ತದೆ, ಮುಂದಿನ ಸಲ ಗಮನಿಸಿ.

ಇವೆರಡರಲ್ಲೂ ನಿಮ್ಮ ಮಾತು ನಡೆಯುವುದು ಕಷ್ಟ. ನಡೆಯುವುದು ಮೂರನೆಯ ದಾರಿಯಲ್ಲಿ. ಜಿಲ್ಲಾ ಕೇಂದ್ರ ಗ್ರಂಥಾಲಯ ತನ್ನ ಕರದ ದುಡ್ಡಿನಲ್ಲಿ ಆಗಾಗ ತಾನೇ ಒಂದಷ್ಟು ಪುಸ್ತಕ ಕೊಳ್ಳುತ್ತದೆ. ಆಗ ಅಲ್ಲಿನ ಅಧಿಕಾರಿ ಶಾಖೆಗಳನ್ನು ಕೇಳುತ್ತಾರೆ, ನಿಮಗೇನು ಬೇಕು ಎಂದು. ಬಹಳ ಶಾಖೆಗಳಿಂದ ಉತ್ತರವೇ ಹೋಗುವುದಿಲ್ಲ. ಹೋದರೂ "ಕಥೆ, ಕಾದಂಬರಿ, ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕಗಳು" ಎಂದು ಒಂದೇ ಸಾಲು. ಯಾಕೆಂದರೆ ಓದುಗರು ಬಾಯಲ್ಲಿ ಕೇಳಿ ಹೋಗುತ್ತಾರೆ, ಬರೆದು ಕೊಡುವುದಿಲ್ಲ. ಬಾಯಲ್ಲಿ ಕೇಳಿದ್ದು ಸಂಜೆಗೆ ಮರೆತುಹೋಗುತ್ತದೆ. ಬರೆದು ಕೊಟ್ಟದ್ದು ಫೈಲಿಗೆ ಹೋಗುತ್ತದೆ.

ಇದನ್ನು ನನಗೆ ಕಲಿಸಿದ್ದು ಒಬ್ಬ ಟೈಲರ್ ಹೆಣ್ಣುಮಗಳು. ಲೈಬ್ರರಿ ಎದುರಿನ ಸಂದಿಯಲ್ಲಿ ಮಿಷನ್ ಇಟ್ಟುಕೊಂಡಿದ್ದರು. ಮಧ್ಯಾಹ್ನ ಪೇಪರ್ ನೋಡಲು ಬರುತ್ತಿದ್ದರು. ಒಂದು ದಿನ ರವಿಕೆ ಕಟಿಂಗ್ ಪುಸ್ತಕ ಇದೆಯಾ ಎಂದರು. ಇರಲಿಲ್ಲ. ನಮ್ಮಲ್ಲಿ ಬೇಡಿಕೆ ಪುಸ್ತಕ ಅಂತ ಒಂದು ನೋಟ್‌ಬುಕ್ ಇತ್ತು, ಅದರಲ್ಲಿ ಬರೆಯಿರಿ ಎಂದೆ. ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ತಾರೀಖು ಹಾಕಿದರು. ಆರು ತಿಂಗಳು ಕಳೆದ ಮೇಲೆ ಜಿಲ್ಲೆಯಲ್ಲಿ ಖರೀದಿ ಆಯಿತು. ನಾನು ಆ ನೋಟ್‌ಬುಕ್ ಹಿಡಿದುಕೊಂಡೇ ಹೋಗಿದ್ದೆ. ಹೊಲಿಗೆಯ ಎರಡು ಪುಸ್ತಕ ಸಿಕ್ಕವು. ಆಕೆ ಒಂದನ್ನು ನಾಲ್ಕು ಸಲ ನವೀಕರಿಸಿಕೊಂಡರು. ಆಮೇಲೆ ಆಕೆಯ ಹತ್ತಿರ ಹೊಲಿಗೆ ಕಲಿಯುವ ಹುಡುಗಿಯರು ಒಬ್ಬೊಬ್ಬರಾಗಿ ಸದಸ್ಯರಾದರು. ಎರಡು ವರ್ಷದಲ್ಲಿ ಸ್ಲಿಪ್ ತುಂಬಿ, ಅದರ ಮೇಲೆ ಇನ್ನೊಂದು ಸ್ಲಿಪ್ ಅಂಟಿಸಿದೆ. ಸೀಮೆಸುಣ್ಣದ ಗುರುತು ಪುಟಪುಟಕ್ಕೂ. ಮುಂದಿನ ಖರೀದಿಗೆ ನಾನು ಆ ಪುಸ್ತಕವನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಅಧಿಕಾರಿಯ ಮೇಜಿನ ಮೇಲಿಟ್ಟೆ. ಮಾತೇ ಆಡಬೇಕಾಗಲಿಲ್ಲ. ಆ ಸಲ ಹೆಂಗಸರು ಕೇಳಿದ್ದ ಪುಸ್ತಕಗಳ ಇಡೀ ಪಟ್ಟಿ ಪಾಸಾಯಿತು.

ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇದು. ಸಣ್ಣ ಊರಿನ ಲೈಬ್ರರಿಗೆ ಪುಸ್ತಕ ತರಿಸುವ ಶಕ್ತಿ ಇರುವುದು ಎರಡು ಕಾಗದಕ್ಕೆ. ಒಂದು, ಓದುಗರು ಬರೆದುಕೊಟ್ಟ ಬೇಡಿಕೆ. ಇನ್ನೊಂದು, ಪುಸ್ತಕದ ಒಳಗಿನ ಸ್ಲಿಪ್. ಯಾರೂ ಎರವಲು ಒಯ್ಯದ ಲೈಬ್ರರಿಗೆ ಯಾಕೆ ಪುಸ್ತಕ ಕೊಡಬೇಕು ಎಂದು ಮೇಲಿನವರು ಕೇಳುತ್ತಾರೆ. ಆ ಮಾತಿಗೆ ನನ್ನ ಹತ್ತಿರವೂ ಉತ್ತರ ಇರುತ್ತಿರಲಿಲ್ಲ. ಪುಸ್ತಕ ಇಲ್ಲ ಎಂದು ಜನ ಬರುವುದಿಲ್ಲ, ಜನ ಬರುವುದಿಲ್ಲ ಎಂದು ಪುಸ್ತಕ ಇಲ್ಲ. ಈ ಸುತ್ತನ್ನು ಯಾರಾದರೂ ಒಬ್ಬರು ಮುರಿಯಬೇಕು, ಓದುಗರಿಂದ ಅದು ಬೇಗ ಆಗುತ್ತದೆ.

ಹೇಗೆ ಬರೆಯಬೇಕು ಎಂದರೆ, "ಮಕ್ಕಳ ಪುಸ್ತಕ ಬೇಕು" ಎಂದು ಬರೆದರೆ ಪ್ರಯೋಜನ ಇಲ್ಲ. ಹತ್ತು ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಬೆಲೆ ಬರೆಯಿರಿ. ಮಗಳ ಕೈಯಲ್ಲೇ ಪಟ್ಟಿ ಮಾಡಿಸಿ. ಬಿಳಿ ಹಾಳೆಯಲ್ಲಿ ಎರಡು ಪ್ರತಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಬೇಡಿಕೆ ಪುಸ್ತಕ ಇದ್ದರೆ ಅದರಲ್ಲೂ ಬರೆಯಿರಿ. ಇಲ್ಲದಿದ್ದರೆ ನಲವತ್ತು ರೂಪಾಯಿಯ ಒಂದು ನೋಟ್‌ಬುಕ್ ನೀವೇ ತೆಗೆದುಕೊಟ್ಟರೂ ತಪ್ಪಿಲ್ಲ. ಅವಳ ಶಾಲೆಯ ಇನ್ನೂ ನಾಲ್ಕು ಮಕ್ಕಳ ತಾಯಂದಿರು ಸಹಿ ಹಾಕಿದರೆ ತೂಕ ಜಾಸ್ತಿ. ಇದರಲ್ಲಿರುವ ತೊಂದರೆ ಕಾಲ. ಮೂರು ತಿಂಗಳಿಗೂ ಆಗಬಹುದು, ಎರಡು ವರ್ಷವೂ ಆಗಬಹುದು. ಹತ್ತು ಕೇಳಿದರೆ ಮೂರು ಬರಬಹುದು.

ಮಾಹಿತಿ ಹಕ್ಕಿನ ಅರ್ಜಿ ಹಾಕಲಾ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಹಾಕಬಹುದು. 2005ರ ಕಾಯ್ದೆ, ಶುಲ್ಕ ಹತ್ತು ರೂಪಾಯಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಆದರೆ ಯಾರಿಗೆ ಹಾಕುತ್ತೀರಿ ಎಂಬುದು ಮುಖ್ಯ. ಶಾಖೆಯ ಗ್ರಂಥಪಾಲಕರ ಮೇಲೆ ಹಾಕಿದರೆ ಅವರು ಹೆದರಿ ಬೀರುವಿಗೆ ಇನ್ನೊಂದು ಬೀಗ ಹಾಕುತ್ತಾರೆ. ಪುರಸಭೆಗೆ ಹಾಕಿ. ಕಳೆದ ಮೂರು ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಗಿದೆ, ಎಷ್ಟನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಿದ್ದೀರಿ, ಅಷ್ಟು ಮಾತ್ರ ಕೇಳಿ. ಆ ಉತ್ತರದ ಜೆರಾಕ್ಸ್ ನಿಮ್ಮ ವಾರ್ಡಿನ ಸದಸ್ಯರ ಕೈಗೆ ಕೊಡಿ. ಸಾಮಾನ್ಯ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಕೇಳಿದರೆ ಬಾಕಿ ಸ್ವಲ್ಪ ಅಲ್ಲಾಡುತ್ತದೆ. ಇದೆಲ್ಲ ಆದ ಮೇಲೂ ದುಡ್ಡು ಜಿಲ್ಲೆಗೆ ಹೋಗುತ್ತದೆ, ನಿಮ್ಮ ಶಾಖೆಗೆ ಎಷ್ಟು ಬರುತ್ತದೆ ಎಂಬ ಖಾತ್ರಿ ಇಲ್ಲ. ಅದು ಗೊತ್ತಿದ್ದು ಹಾಕಿ.

ಪರೀಕ್ಷೆಗೆ ಓದುವ ಹುಡುಗರ ಬಗ್ಗೆ ಒಂದು ಮಾತು. ನಿಮ್ಮ ಬರಹದಲ್ಲಿ ಸ್ವಲ್ಪ ಬೇಸರ ಕಾಣಿಸಿತು. ಅವರು ಮಗಳ ಜಾಗ ಕಿತ್ತುಕೊಂಡವರಲ್ಲ. ಪೊಲೀಸ್ ಕಾನ್‌ಸ್ಟೇಬಲ್, ಪಿಡಿಒ, ಎಫ್‌ಡಿಎ ಎಂದು ಓದುವ ಈ ಮಕ್ಕಳಲ್ಲಿ ಬಹಳ ಜನ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ. ಮನೆಯಲ್ಲಿ ಒಂದೇ ಕೋಣೆ, ಟಿವಿ ಸದ್ದು, ಕರೆಂಟ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಅವರಿಗೆ ಬೇಕಿರುವುದು ಪುಸ್ತಕಕ್ಕಿಂತ ಒಂದು ಮೇಜು, ಒಂದು ಫ್ಯಾನು. ಪುಸ್ತಕ ಅವರೇ ತಂದಿರುತ್ತಾರೆ. ಲೈಬ್ರರಿಯ ಬಾಗಿಲು ಇವತ್ತೂ ತೆರೆದಿದ್ದರೆ ಅದರಲ್ಲಿ ಈ ಹುಡುಗರ ಪಾಲು ದೊಡ್ಡದು. ನನ್ನ ಕೊನೆಯ ಲೈಬ್ರರಿಯಲ್ಲಿ ನಾನು ಮಾಡಿದ್ದು ಇಷ್ಟೇ. ಶನಿವಾರ ಸಂಜೆ ಎರಡು ಗಂಟೆ ಮುಂದಿನ ಎರಡು ಮೇಜು ಮಕ್ಕಳಿಗೆ ಎಂದು ಬೋರ್ಡಿನಲ್ಲಿ ಬರೆದೆ. ಹುಡುಗರನ್ನು ಕೂರಿಸಿಕೊಂಡು ಮೊದಲೇ ಹೇಳಿದೆ. ಯಾರೂ ಜಗಳ ಮಾಡಲಿಲ್ಲ. ಅವರಲ್ಲಿ ಇಬ್ಬರು ತಾವಾಗಿಯೇ ಮಕ್ಕಳಿಗೆ ಗಟ್ಟಿಯಾಗಿ ಕತೆ ಓದತೊಡಗಿದರು. ನಿಮ್ಮ ಊರಲ್ಲೂ ಇದನ್ನು ಕೇಳಿ ನೋಡಬಹುದು. ದುಡ್ಡು ಬೇಡ, ಮೇಲಿನ ಅನುಮತಿಯೂ ಬೇಕಾಗುವುದಿಲ್ಲ.

ಸದಸ್ಯತ್ವ ಮಾಡಿಸಿ. ಇದರಲ್ಲಿ ಎರಡನೇ ಯೋಚನೆ ಬೇಡ. ಠೇವಣಿ ಸಣ್ಣ ಮೊತ್ತ, ಬಿಡುವಾಗ ವಾಪಸ್ ಬರುತ್ತದೆ. ವಿಳಾಸದ ದಾಖಲೆ, ಫೋಟೋ, ಮಕ್ಕಳಾದರೆ ತಂದೆ ಅಥವಾ ತಾಯಿಯ ಜವಾಬ್ದಾರಿ ಸಹಿ ಕೇಳುತ್ತಾರೆ. ಪುಸ್ತಕ ಸಾಮಾನ್ಯವಾಗಿ ಹದಿನೈದು ದಿನ ಇಟ್ಟುಕೊಳ್ಳಬಹುದು, ಬೇರೆ ಯಾರೂ ಕೇಳಿರದಿದ್ದರೆ ಮತ್ತೆ ನವೀಕರಿಸಬಹುದು. ಹಳೇ ಪುಸ್ತಕವೇ ಇದೆ ಎಂದಿರಿ. ನಿಮಗೆ ಹಳೆಯದು, ಅವಳಿಗೆ ಹೊಸದು. ಹನ್ನೊಂದು ವರ್ಷದ ಮಗುವಿಗೆ ಎಂದು ಹೇಳಿ ಗ್ರಂಥಪಾಲಕರನ್ನೇ ಆರಿಸಿಕೊಡಿ ಎಂದು ಕೇಳಿ. ಯಾವ ಪುಸ್ತಕ ಯಾವ ಮೂಲೆಯಲ್ಲಿದೆ ಎಂದು ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲ. ವರ್ಷಗಟ್ಟಲೆ ಯಾರೂ ಅವರನ್ನು ಆ ಪ್ರಶ್ನೆ ಕೇಳಿರುವುದಿಲ್ಲ. ನನ್ನನ್ನು ಯಾರಾದರೂ ಹಾಗೆ ಕೇಳಿದ ದಿನ ನಾನು ಊಟ ಬಿಟ್ಟು ಹುಡುಕಿಕೊಟ್ಟಿದ್ದೇನೆ.

ಆನ್‌ಲೈನಿನಲ್ಲಿ ತರಿಸುವುದು ತಪ್ಪಲ್ಲ, ತರಿಸಿ. ಆದರೆ ವಾರಕ್ಕೆ ಎರಡು ಪುಸ್ತಕ ಮುಗಿಸುವ ಮಗುವಿಗೆ ಕೊಂಡು ಪೂರೈಸುವುದು ಯಾವ ಮನೆಗೂ ಕಷ್ಟ. ಉಚಿತವಾಗಿ ಸಿಗುವುದೂ ಇದೆ. ಇಲಾಖೆಯೇ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಶುರು ಮಾಡಿದೆ. ಇ-ಸಾರ್ವಜನಿಕ ಗ್ರಂಥಾಲಯ ಎಂಬ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿದರೆ ಸಾಕು. ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, ಬಣ್ಣದ ಚಿತ್ರದ ಕನ್ನಡ ಕತೆಗಳು ರಾಶಿ ಇವೆ, ದುಡ್ಡಿಲ್ಲ. ಆದರೆ ಅದು ಸಣ್ಣ ಮಕ್ಕಳಿಗೆ ಹೆಚ್ಚು ಹೊಂದುತ್ತದೆ. ನಿಮ್ಮ ಮಗಳ ವಯಸ್ಸಿಗೆ ಬೇಗ ಮುಗಿದುಹೋಗಬಹುದು. ಮತ್ತೆ ಫೋನ್ ಕೈಗೆ ಕೊಟ್ಟ ಮೇಲೆ ಅವಳು ಕತೆಯಲ್ಲೇ ಇರುತ್ತಾಳೆ ಎನ್ನಲಾಗದು, ನಿಮಗೇ ಗೊತ್ತು.

ಒಂದು ದಾರಿ ಬಹಳ ಜನರಿಗೆ ಹೊಳೆಯುವುದಿಲ್ಲ. ಹತ್ತಿರದ ಗ್ರಾಮ ಪಂಚಾಯಿತಿ ಲೈಬ್ರರಿ ನೋಡಿ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಹಳ್ಳಿ ಲೈಬ್ರರಿಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವುಗಳ ಮೇಲೆ ಅರಿವು ಕೇಂದ್ರ ಎಂಬ ಬೋರ್ಡ್ ಇರುತ್ತದೆ. 2020ರ ರಾಜ್ಯೋತ್ಸವದಂದು ಓದುವ ಬೆಳಕು ಎಂಬ ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ನಾನು ನೋಡಿದ ಕೆಲವು ಹಳ್ಳಿಗಳಲ್ಲಿ ಮಕ್ಕಳ ಕಪಾಟು ತಾಲ್ಲೂಕು ಲೈಬ್ರರಿಗಿಂತ ಚೆನ್ನಾಗಿದೆ. ಗೋಡೆಗೆ ಚಿತ್ರ, ನೆಲಕ್ಕೆ ಚಾಪೆ, ಕೇರಂ ಬೋರ್ಡು. ಎಲ್ಲ ಕಡೆಯೂ ಹಾಗಿಲ್ಲ, ಮೇಲ್ವಿಚಾರಕರ ಆಸಕ್ತಿಯ ಮೇಲೆ ನಿಂತಿದೆ. ನಿಮ್ಮ ತವರಿನ ಕಡೆಯೋ ಗಂಡನ ಮನೆಯ ಕಡೆಯೋ ಹತ್ತಿರದ ಹಳ್ಳಿ ಇದ್ದರೆ ರಜೆಯಲ್ಲಿ ಹೋದಾಗ ಒಳಗೆ ಹೋಗಿ ಬನ್ನಿ.

ಇನ್ನು ನಿಮ್ಮ ತಂದೆಯ ಪುಸ್ತಕ. ಬೇಡ ಎಂದಾಗ ಮನಸ್ಸಿಗೆ ನೋವಾಗಿರುತ್ತದೆ, ಅರ್ಥವಾಗುತ್ತದೆ. ಅವರು ಬೇಡ ಎಂದದ್ದು ಪುಸ್ತಕವನ್ನಲ್ಲ, ಲೆಕ್ಕವನ್ನು. ಒಂದು ಸಲ ರಿಜಿಸ್ಟರಿಗೆ ಹತ್ತಿದ ಪುಸ್ತಕವನ್ನು ಆಮೇಲೆ ತೆಗೆದುಹಾಕಬೇಕಾದರೆ ರದ್ದತಿ ಪಟ್ಟಿ, ಸಮಿತಿ, ಮೇಲಧಿಕಾರಿಯ ಆದೇಶ ಎಂದು ದೊಡ್ಡ ರಗಳೆ. ದಾನ ಎಂದು ಜನ ತಂದು ಸುರಿಯುವುದು ಹಳೇ ಪಠ್ಯಪುಸ್ತಕ, ಹಳೇ ಗೈಡು, ಗೆದ್ದಲು ಹತ್ತಿದ ಮಾಸಪತ್ರಿಕೆ. ಆ ಅನುಭವದಿಂದ ಎಲ್ಲದಕ್ಕೂ ಬೇಡ ಎನ್ನುವ ಅಭ್ಯಾಸ ಬಂದಿದೆ. ನೀವು 300ನ್ನೂ ಕೊಡಲು ಹೋಗಬೇಡಿ. ಒಂದು ಭಾನುವಾರ ಕೂತು ಪಟ್ಟಿ ಮಾಡಿ. ಗಟ್ಟಿಯಾಗಿರುವ, ಊರಿನವರು ಓದುವಂಥ ನಲವತ್ತು ಐವತ್ತು ಪುಸ್ತಕ ಬೇರೆ ಇಡಿ. ಹೆಸರು, ಲೇಖಕರು, ವರ್ಷ, ಬೆಲೆ ಬರೆದ ಪಟ್ಟಿಯನ್ನು ಮೊದಲು ಕೊಟ್ಟು, ಇದರಲ್ಲಿ ನಿಮಗೆ ಬೇಕಾದದ್ದಕ್ಕೆ ಗುರುತು ಹಾಕಿಕೊಡಿ ಎನ್ನಿ. ಪುಸ್ತಕ ಕೊಟ್ಟ ಮೇಲೆ ದಾನದ ರಸೀದಿ ಕೇಳಿ. "ತಂದೆಯ ನೆನಪಿಗೆ ಪ್ರತ್ಯೇಕ ಕಪಾಟು ಇಡಿ" ಎಂಬ ಷರತ್ತು ಮಾತ್ರ ಹಾಕಬೇಡಿ. ಪುಸ್ತಕಗಳು ತಮ್ಮ ತಮ್ಮ ವಿಷಯದ ಜಾಗಕ್ಕೆ ಹೋದರೆ ಓದುಗರ ಕೈಗೆ ಸಿಗುತ್ತವೆ. ಪ್ರತ್ಯೇಕ ಕಪಾಟಿನಲ್ಲಿಟ್ಟರೆ ಅಲ್ಲೇ ಉಳಿಯುತ್ತವೆ.

ಉಳಿದದ್ದರಲ್ಲಿ ಊರಿನ ಶಾಲೆಯ ಸ್ಮರಣ ಸಂಚಿಕೆ, ಜಾತ್ರೆಯ ಪುಸ್ತಿಕೆ, ನಾಟಕದ ಕರಪತ್ರ, ಸ್ಥಳೀಯ ಕವಿಗಳು ತಾವೇ ಅಚ್ಚು ಹಾಕಿಸಿದ ಪುಸ್ತಕ ಏನಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅವು ಬೇರೆಲ್ಲೂ ಇರುವುದಿಲ್ಲ. ನಿಮ್ಮ ತಂದೆ ಮಾಸ್ತರಾಗಿದ್ದರೋ ಇಲ್ಲವೋ ನೀವು ಬರೆದಿಲ್ಲ, ಆದರೆ 300 ಪುಸ್ತಕ ಇಟ್ಟುಕೊಂಡವರ ಮನೆಯಲ್ಲಿ ಇಂಥದ್ದು ಇದ್ದೇ ಇರುತ್ತದೆ. ಅವನ್ನು ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ವಿಶ್ವವಿದ್ಯಾಲಯದ ಲೈಬ್ರರಿಗೋ ತೋರಿಸಿ. ಲೇಖಕರು ತೀರಿಕೊಂಡು 60 ವರ್ಷ ದಾಟಿದ್ದರೆ ಹಕ್ಕುಸ್ವಾಮ್ಯದ ತಕರಾರಿಲ್ಲ, ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡಬಹುದು. ಅಲ್ಲಿಯವರೆಗೆ ಗೋಡೆಗೆ ತಾಗದಂತೆ, ನೆಲದಿಂದ ಒಂದು ಗೇಣು ಮೇಲೆ ಇಡಿ. ತೇವ ಬಂದಿದ್ದರೆ ನೆರಳಿನಲ್ಲಿ ಗಾಳಿಗೆ ಹಾಕಿ, ಬಿಸಿಲಿಗೆ ಬೇಡ. ಬಿಸಿಲಿಗೆ ಹಾಳೆ ಒಣಗಿ ಹಪ್ಪಳದಂತೆ ಮುರಿಯುತ್ತದೆ.

ಸೋಮವಾರ ಹೋಗಬೇಡಿ, ಸಾಮಾನ್ಯವಾಗಿ ಲೈಬ್ರರಿಗೆ ರಜೆ. ಭಾನುವಾರ ತೆರೆದಿರುತ್ತದೆ, ಆದರೆ ರಶ್ ಇರುತ್ತದೆ. ವಾರದ ಮಧ್ಯೆ ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಿ ಸದಸ್ಯತ್ವದ ಅರ್ಜಿ ತುಂಬಿ. ಠೇವಣಿಯ ರಸೀದಿ ಜೋಪಾನ, ಅದು ಕಳೆದರೆ ದುಡ್ಡು ವಾಪಸ್ ಪಡೆಯುವುದು ಕಷ್ಟ. ಆ ಎರಡು ಬಂಡಲ್ ಇನ್ನೂ ಮೂಲೆಯಲ್ಲೇ ಇದ್ದರೆ, ಸ್ಲಿಪ್ ಅಂಟಿಸಲು ಮಗಳು ಒಂದು ಗಂಟೆ ಕೂರಲಾ ಎಂದು ಕೇಳಿ. ನಂಬರ್, ಮೊಹರು ಸಿಬ್ಬಂದಿಯೇ ಹಾಕಬೇಕು. ಸ್ಲಿಪ್ ಅಂಟಿಸುವುದಕ್ಕೆ ಮಾತ್ರ ನಾನು ಯಾವತ್ತೂ ಮಕ್ಕಳಿಗೆ ಬೇಡ ಎಂದಿಲ್ಲ. ಅಂಟಿಸುತ್ತಾ ಅಂಟಿಸುತ್ತಾ ಅವರು ತಮಗೆ ಬೇಕಾದದ್ದನ್ನು ಪಕ್ಕಕ್ಕೆ ಎತ್ತಿಟ್ಟುಕೊಳ್ಳುತ್ತಿದ್ದರು. ಗೋಂದು ಒಣಗುವ ಮೊದಲೇ ಮೊದಲ ತಾರೀಖು ಅವರ ಹೆಸರಿಗೇ ಬೀಳುತ್ತಿತ್ತು.